ಮತದ ಹಕ್ಕು ಮತ್ತು ಪುರಾವೆಯ ಹೊರೆ



ಮತ ಹಾಕಲು ಪೌರತ್ವದ ಪುರಾವೆ ಕೇಳಬೇಕೆ ಎಂಬುದು ಇಂದಿನ ವಿಷಯ. ಭಾರತದ ಪ್ರಜೆಯಲ್ಲದವರಿಗೆ ಇಲ್ಲಿ ಮತವಿಲ್ಲ. ಸಂವಿಧಾನದ 326ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳಿದೆ, ನನಗೂ ಅದರಲ್ಲಿ ತಕರಾರಿಲ್ಲ. ಪುರಾವೆಯ ಹೊರೆ ಯಾರದು ಎಂಬಲ್ಲಿ ತಕರಾರು ಶುರುವಾಗುತ್ತದೆ. ಅದು ಸರ್ಕಾರದ್ದು ಮತ್ತು ಆಕ್ಷೇಪಣೆ ಎತ್ತುವವರದ್ದು, ಪಟ್ಟಿಯಲ್ಲಿ ಆಗಲೇ ಹೆಸರಿರುವ ಬಡವನದ್ದಲ್ಲ ಎಂಬುದು ನನ್ನ ವಾದ.

1. ಕಾನೂನು ಕೇಳುವುದೇನು

ಹೊಸದಾಗಿ ಹೆಸರು ಸೇರಿಸಲು ನಾವು ತುಂಬುವ ನಮೂನೆ 6 ವಯಸ್ಸಿಗೆ ಮತ್ತು ವಾಸಕ್ಕೆ ದಾಖಲೆ ಕೇಳುತ್ತದೆ. ಪೌರತ್ವಕ್ಕೆ ಸಹಿ ಹಾಕಿದ ಘೋಷಣೆ ಸಾಕು. ಘೋಷಣೆ ಸುಳ್ಳಾದರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು. ಪಾಸ್‌ಪೋರ್ಟನ್ನೇ ಕೇಳುವುದು ನಮೂನೆ 6ಎ ತುಂಬುವ ಅನಿವಾಸಿ ಭಾರತೀಯರಿಗೆ.

ವಿಜಯವಾಡದಲ್ಲಿ ಅಮೆರಿಕದ ನಂಟಿಲ್ಲದ ಬೀದಿ ಹುಡುಕುವುದೇ ಕಷ್ಟ. ಡಲ್ಲಾಸಿನಲ್ಲಿರುವ ಮಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರೆಗೆ ಊರಿಗೆ ಬಂದು ಮತ ಹಾಕಬಹುದು. ಅಮೆರಿಕದ ಪೌರತ್ವ ಪಡೆದ ದಿನವೇ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಅವನ ಭಾರತೀಯ ಪೌರತ್ವವನ್ನು ಕೊನೆಗೊಳಿಸುತ್ತದೆ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಮತದ ಹಕ್ಕಿಲ್ಲ. ವಿಜಯವಾಡದ ಪಟಮಟ ಬಡಾವಣೆಯ ಪಟ್ಟಿಯಲ್ಲಿ ಅಂಥವನ ಹೆಸರು ಉಳಿದಿದ್ದರೆ ಅದು ನಿಜವಾದ ಲೋಪವೇ. ಆದರೆ ಪ್ರಜೆಯಲ್ಲದ ಮತದಾರ ಎಂದೊಡನೆ ನಮ್ಮ ಕಣ್ಣು ಹೋಗುವುದು ಅವನ ಬಂಗಲೆಯತ್ತ ಅಲ್ಲ, ಕೊಳೆಗೇರಿಯತ್ತ.

2. ಮೊದಲ ಪಟ್ಟಿ

1951-52ರ ಮೊದಲ ಮಹಾಚುನಾವಣೆಗೆ 17 ಕೋಟಿಗೂ ಹೆಚ್ಚು ಜನರ ಹೆಸರು ಬರೆಯಲಾಯಿತು. ಬಹುಪಾಲು ಜನರಿಗೆ ಓದು ಬರಹವಿರಲಿಲ್ಲ, ಜನನ ಪತ್ರವಂತೂ ಇರಲೇ ಇಲ್ಲ. ಸರ್ಕಾರದ ನೌಕರರೇ ಮನೆಮನೆಗೆ ಹೋಗಿ ಬರೆದುಕೊಂಡರು. ಆ ಪಟ್ಟಿಯ ಮೇಲೆ ನಡೆದ ಚುನಾವಣೆಯಲ್ಲೇ, ಆಗ ಮದ್ರಾಸ್ ರಾಜ್ಯದಲ್ಲಿದ್ದ ವಿಜಯವಾಡ, ಹೈದರಾಬಾದಿನ ಬಂಗಾಳಿ ಮನೆತನದಲ್ಲಿ ಹುಟ್ಟಿದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತು.

ಆ ಪಟ್ಟಿಗೂ ಒಂದು ಕಪ್ಪುಚುಕ್ಕೆಯಿದೆ. ಉತ್ತರದ ರಾಜ್ಯಗಳಲ್ಲಿ ಅನೇಕ ಹೆಂಗಸರು ಪರಪುರುಷರೆದುರು ಸ್ವಂತ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಹೊರಬಿತ್ತು. ಅವರಲ್ಲಿ ಯಾರ ಪೌರತ್ವದ ಮೇಲೂ ಅನುಮಾನವಿರಲಿಲ್ಲ. ದಾಖಲೆಯ ನಿಯಮ ಬಿಗಿಯಾದಾಗ ಮೊದಲು ಪೆಟ್ಟು ತಿನ್ನುವವರು ಯಾರೆಂಬುದು ಅಂದೇ ಗೊತ್ತಾಗಿತ್ತು.

3. ಕಾಗದದ ಆಯುಸ್ಸು

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಳುಗಿತು. ನೆಲ ಅಂತಸ್ತಿನ ಮನೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಬೀರುವಿನ ಕೆಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟ ಮಾರ್ಕ್ಸ್ ಕಾರ್ಡು, ಮನೆ ಪಟ್ಟಾ, ಪಾಸ್‌ಬುಕ್ಕು ಇಂಥ ನೀರಿನಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಬಿಡಿಸಲು ಹೋದರೆ ಅಕ್ಷರ ಬೆರಳಿಗೆ ಹತ್ತುತ್ತದೆ. ವಿಶಾಖಪಟ್ಟಣವನ್ನು 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಹೀಗೆಯೇ ಜಾಲಾಡಿತ್ತು. ಅದೇ ಊರಿನ ಬರ್ಮಾ ಕ್ಯಾಂಪಿನ ಹೆಸರೇ ಹೇಳುವಂತೆ, 1960ರ ದಶಕದಲ್ಲಿ ಬರ್ಮಾದಿಂದ ಬರಿಗೈಲಿ ಮರಳಿದ ತೆಲುಗು ಕುಟುಂಬಗಳು ಅಲ್ಲಿ ನೆಲೆ ಕಂಡುಕೊಂಡಿವೆ.

ಇಂಥವರನ್ನು ಪೌರತ್ವ ಸಾಬೀತುಪಡಿಸಿ ಎಂದರೆ ಯಾವ ಕಾಗದ ತರಬೇಕು? ಹುಟ್ಟಿನಿಂದ ಪ್ರಜೆಯಾದವನಿಗೆ ಈ ದೇಶ ಪೌರತ್ವದ ಪ್ರಮಾಣಪತ್ರ ಕೊಡುವುದೇ ಇಲ್ಲ. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕು. ಅನಂತರ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರು ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗಾದರೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಕೂಡದು. ಅಂದರೆ ಇಂದು ಹದಿನೆಂಟು ತುಂಬುವ ಹುಡುಗಿ ತನ್ನ ಕಾಗದದ ಜೊತೆಗೆ ಅಪ್ಪ ಅಮ್ಮನ ಕಾಗದವನ್ನೂ ಹುಡುಕಬೇಕು.

4. ಅನುಭವ ಹೇಳುವುದೇನು

2025ರ ಜೂನ್ 24ರಂದು ಚುನಾವಣಾ ಆಯೋಗ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶಿಸಿತು. 2003ರ ಪಟ್ಟಿಯಲ್ಲಿ ಇಲ್ಲದವರು 11 ದಾಖಲೆಗಳಲ್ಲಿ ಒಂದನ್ನು ತರಬೇಕಾಯಿತು. ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿಟ್ಟುಹೋದವು. ಆಯೋಗವೇ ಹೇಳಿದ ಕಾರಣಗಳು ಇವು: ಸತ್ತವರು 22 ಲಕ್ಷ, ಊರು ಬಿಟ್ಟವರು ಅಥವಾ ಸಿಗದವರು 36 ಲಕ್ಷ, ಎರಡು ಕಡೆ ಹೆಸರಿದ್ದವರು 7 ಲಕ್ಷ. ವಿದೇಶಿಯರೆಂಬ ಕಾರಣ ಆ ಲೆಕ್ಕದಲ್ಲಿ ಇರಲಿಲ್ಲ. ಬಿಟ್ಟುಹೋದ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆಧಾರ್ ಹನ್ನೆರಡನೆಯ ದಾಖಲೆಯಾದದ್ದೂ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಮಾತಿನಿಂದ.

ಅಮೆರಿಕದ ಕ್ಯಾನ್ಸಸ್ ರಾಜ್ಯ 2013ರಿಂದ ಪೌರತ್ವದ ಕಾಗದ ಕೇಳಿತು. 31,000ಕ್ಕೂ ಹೆಚ್ಚು ಅರ್ಜಿಗಳು ತಡೆಹಿಡಿಯಲ್ಪಟ್ಟವು. ಹತ್ತೊಂಬತ್ತು ವರ್ಷಗಳಲ್ಲಿ ನೋಂದಾಯಿಸಿಕೊಂಡ ವಿದೇಶಿಯರು ಹೆಚ್ಚೆಂದರೆ 39 ಮಂದಿ ಎಂದು ಕಂಡುಕೊಂಡ ನ್ಯಾಯಾಲಯ 2018ರಲ್ಲಿ ಆ ಕಾನೂನನ್ನು ರದ್ದುಮಾಡಿತು. ಇಲಿಗೆ ಹೆದರಿ ಕಣಜ ಸುಟ್ಟ ಹಾಗಾಗಿತ್ತು.

ನಮ್ಮಲ್ಲಿ ದಾರಿ ಹಿಂದೆಯೇ ಸಿಕ್ಕಿದೆ. ಪಟ್ಟಿಯಲ್ಲಿ ಒಮ್ಮೆ ಸೇರಿದ ಹೆಸರಿಗೆ ತೂಕವಿದೆ, ಅದನ್ನು ತೆಗೆಯುವ ಮುನ್ನ ನೋಟಿಸು ಕೊಟ್ಟು, ಆಧಾರ ತೋರಿಸಿ, ವಿಚಾರಣೆ ನಡೆಸಬೇಕು ಎಂದು 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ, 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಭಾರತದ ಪ್ರಜೆಗಳೇ ಎಂದಿತು. ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಪಟ್ಟಿಗೆ ಸೇರಿಸಲು ಸೂಚಿಸಿತು. ಬೈಲುಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ಆ ಅವಧಿಯಲ್ಲಿ ಹುಟ್ಟಿದವರಿಗೂ ಮತದ ಬಾಗಿಲು ತೆರೆಯಿತು.

5. ಮಾಡಬೇಕಾದ್ದು

ಪಟ್ಟಿ ಶುದ್ಧವಾಗಲಿ. ಸಾವಿನ ನೋಂದಣಿ, ಪಾಸ್‌ಪೋರ್ಟ್ ಒಪ್ಪಿಸಿದವರ ವಿವರ ಎಲ್ಲವೂ ಸರ್ಕಾರದ ಕೈಯಲ್ಲೇ ಇವೆ. ಅವನ್ನು ಹೊಂದಿಸಿ ನೋಡುವ ಕೆಲಸ ಅದರದ್ದು. ಯಾರ ಪೌರತ್ವದ ಮೇಲಾದರೂ ಅನುಮಾನವಿದ್ದರೆ ಅವರ ಭಾಷೆಯಲ್ಲಿ ನೋಟಿಸು ಹೋಗಲಿ.

2025ರ ಅಕ್ಟೋಬರ್ 27ರಂದು ಘೋಷಣೆಯಾದ ವಿಶೇಷ ತೀವ್ರ ಪರಿಷ್ಕರಣೆಯ ಎರಡನೆಯ ಹಂತದಲ್ಲಿ ಆಂಧ್ರ ಇರಲಿಲ್ಲ, ಕೇರಳ ಇತ್ತು. ಪುತ್ತೂರಿನಿಂದ ಕಾಸರಗೋಡಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಹಳೆಯ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಬೇಕಾದ ಕಾಲ ಅದು. ಪರಿಷ್ಕರಣೆ ಆಂಧ್ರಕ್ಕೂ ಬಂದಾಗ, ಕರ್ನಾಟಕದಿಂದ ಇಲ್ಲಿಗೆ ಬಂದು ನೆಲೆಸಿದ ನಮ್ಮಂಥ ಕನ್ನಡಿಗರಿಗೂ ಅದೇ ಪಾಡು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಎರಡು ಊರಲ್ಲಿದ್ದರೆ ಒಂದನ್ನು ನೀವೇ ತೆಗೆಸಿ. ನಿಮ್ಮ ಮನೆಗೆಲಸದವರ, ವಾಚ್‌ಮನ್‌ನ ಹೆಸರನ್ನೂ ನೋಡಿ, ಇಲ್ಲದಿದ್ದರೆ ಪಕ್ಕದಲ್ಲಿ ಕೂತು ನಮೂನೆ 6 ತುಂಬಿಸಿಕೊಡಿ.