ಹಣ್ಣಿನ ರುಚಿಯ ಪ್ರೋಟೀನ್ ಪಾನಕ: ಕುಡಿಯುವ ಮೊದಲು ಒಂದು ಲೆಕ್ಕ

ಥಾಣೆಯ ತಲಾವ್‌ಪಾಳಿಯಲ್ಲಿ ಬೆಳಗಿನ ನಡಿಗೆಗೆ ಬರುವವರಿರಲಿ, ಡೊಂಬಿವಲಿ-ಕಲ್ಯಾಣದ ಗಲ್ಲಿಗಳ ಜಿಮ್‌ಗಳಲ್ಲಿ ಬೆವರು ಹರಿಸುವ ಹುಡುಗರಿರಲಿ, ನವಿಮುಂಬಯಿಯ ವಾಶಿ, ನೆರೂಲ್ ಕಡೆ ಓಡುವವರಿರಲಿ, ಇವರಲ್ಲಿ ಕೆಲವರ ಕೈಯಲ್ಲಿ ಈಗ ಹೊಸದೊಂದು ಪಾನೀಯವನ್ನು ನೀವು ನೋಡಿರಬಹುದು. ಹಾಲಿನಂತೆ ದಪ್ಪಗಿಲ್ಲ. ನಿಂಬೆ, ಕಿತ್ತಳೆ, ಮಾವಿನ ರುಚಿಯ ತೆಳ್ಳನೆಯ ಪಾನಕದಂತಿದೆ. ಇದರ ಹೆಸರು 'ಕ್ಲಿಯರ್ ವೇ'. ನಮ್ಮ ಮನೆಯ ಮಕ್ಕಳೂ ಇದರ ಡಬ್ಬಿ ತರುತ್ತಿದ್ದಾರೆ. ಬೆಲೆ ನೋಡಿ ತಾಯಂದಿರು ಹುಬ್ಬೇರಿಸುತ್ತಾರೆ. ಇದೇನು, ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲು ಇದರ ಮೂಲ. ಹಾಲು ಒಡೆದಾಗ ಗಟ್ಟಿ ಭಾಗ ಬೇರೆಯಾಗಿ, ತಿಳಿಹಳದಿ ನೀರು ಉಳಿಯುತ್ತದಲ್ಲ, ಅದೇ 'ವೇ'. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡಾ 80 ಕೇಸೀನ್, ಉಳಿದ 20 ಈ ವೇ. ಹತ್ತು ಲೀಟರ್ ಹಾಲಿನಿಂದ ಚೀಸ್ ಮಾಡಿದರೆ ಸಿಗುವುದು ಸುಮಾರು ಒಂದು ಕಿಲೋ. ಮಿಕ್ಕ ಒಂಬತ್ತು ಪಾಲು ನೀರೇ. ಯುರೋಪು, ಅಮೆರಿಕಗಳಲ್ಲಿ ಒಂದು ಕಾಲದಲ್ಲಿ ಇದನ್ನು ಹಂದಿಗಳಿಗೆ ಹಾಕುತ್ತಿದ್ದರು, ಇಲ್ಲವೇ ಹೊಳೆಗೆ ಬಿಡುತ್ತಿದ್ದರು. ನೀರು ಕೆಟ್ಟು ಮೀನುಗಳು ಸಾಯತೊಡಗಿದಾಗ ಸರಕಾರಗಳು ಬಿಗಿ ಮಾಡಿದವು. 1970ರ ದಶಕದಿಂದ ಸೂಕ್ಷ್ಮ ಪೊರೆಗಳಲ್ಲಿ ಸೋಸಿ ಪ್ರೋಟೀನ್ ಬೇರ್ಪಡಿಸುವ ವಿಧಾನ ಬಳಕೆಗೆ ಬಂತು. ಹೀಗೆ ಕಸ ರಸವಾಯಿತು! ನಮ್ಮ ಊರಿನಲ್ಲೂ ಇದು ಅಡಿಗೆಮನೆಗೆ ಬಂದಿದೆ. ಕರ್ನಾಟಕ ಹಾಲು ಮಹಾಮಂಡಳ 2024ರ ಡಿಸೆಂಬರಿನಲ್ಲಿ ವೇ ಪ್ರೋಟೀನ್ ಸೇರಿಸಿದ ನಂದಿನಿ ಇಡ್ಲಿ-ದೋಸೆ ಹಿಟ್ಟನ್ನೇ ಹೊರತಂದಿತು.

"ಹಾಗಾದರೆ ನಾವು ಪನೀರ್ ಮಾಡಿದಾಗ ಉಳಿಯುವ ನೀರನ್ನೇ ಕುಡಿದರಾಯಿತಲ್ಲ?" ಎಂದು ನೀವು ಕೇಳಬಹುದು. ಕುಡಿಯಿರಿ, ಚಪಾತಿ ಹಿಟ್ಟಿಗೂ ಹಾಕಿ. ಆದರೆ ಹಾಲನ್ನು ಕುದಿಸಿ ಒಡೆದಾಗ ವೇ ಪ್ರೋಟೀನಿನ ದೊಡ್ಡ ಪಾಲು ಪನೀರಿಗೇ ಅಂಟಿಕೊಂಡು ಹೋಗುತ್ತದೆ. ನೀರಿನಲ್ಲಿ ಉಳಿಯುವುದು ಬಹುಪಾಲು ಹಾಲಿನ ಸಕ್ಕರೆ ಮತ್ತು ಲವಣ.

ಇನ್ನು ಹಣ್ಣಿನ ರುಚಿಯೇ ಏಕೆ? ಇದು ಬರೀ ಜಾಹೀರಾತಿನ ಮಾತಲ್ಲ. ಚೆನ್ನಾಗಿ ಸೋಸಿದ, ಶೇಕಡಾ 90ರಷ್ಟು ಪ್ರೋಟೀನ್ ಇರುವ 'ಐಸೋಲೇಟ್' ಪುಡಿಗೆ ಹುಳಿ ಸೇರಿಸಿದಾಗ ಅದು ನೀರಿನಲ್ಲಿ ತಿಳಿಯಾಗಿ ಕರಗುತ್ತದೆ. ಹುಳಿ ಬಂದ ಮೇಲೆ ಚಾಕೊಲೇಟ್ ಒಗ್ಗುವುದಿಲ್ಲ, ನಿಂಬೆ-ಕಿತ್ತಳೆ ಒಗ್ಗುತ್ತದೆ. ನಮ್ಮ ಪುನರ್ಪುಳಿ ಶರಬತ್ತಿನ ಹಾಗೆ ಎನ್ನಿ. ಇದೇ ಕಾರಣಕ್ಕೆ ಇದನ್ನು ಹಾಲಿಗೆ ಹಾಕಬೇಡಿ, ಹಾಲು ಒಡೆದೀತು. ತಣ್ಣೀರಿಗೆ ಹಾಕಿ ಕುಲುಕಿ, ನೊರೆ ಇಳಿಯಲು ಒಂದೆರಡು ನಿಮಿಷ ಬಿಟ್ಟು ಕುಡಿಯಬೇಕು. ಐಸೋಲೇಟಿನಲ್ಲಿ ಹಾಲಿನ ಸಕ್ಕರೆ ಅತಿ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ಹಾಲಿನ ಪ್ರೋಟೀನಿನದೇ ಅಲರ್ಜಿ ಇದ್ದವರು ಮುಟ್ಟಬಾರದು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ತೂಗುವ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯುವವರ ದಿನಚರಿ ನೋಡಿ. ಗಡಿಬಿಡಿಯಲ್ಲಿ ಮೂರು ಇಡ್ಲಿ, ಡಬ್ಬಿಯಲ್ಲಿ ಮೂರು ಚಪಾತಿ-ಭಾಜಿ, ಸಂಜೆ ಚಹಾ-ಬಿಸ್ಕತ್ತು, ರಾತ್ರಿ ಅನ್ನ ಮತ್ತು ತೆಳು ಸಾರು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ತುಂಬುವುದಿಲ್ಲ. ಕೊರತೆ ಇರುವುದು ನಿಜ.

ಆದರೆ ಆ ಕೊರತೆ ತುಂಬಲು ಎಷ್ಟು ಬೇಕು? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಒಂದು ವಾಟಿ ಗಟ್ಟಿ ತೊವ್ವೆಯಲ್ಲಿ 6-7, ಐವತ್ತು ಗ್ರಾಂ ಹುರಿಗಡಲೆಯಲ್ಲಿ 10. ಮೀನು ತಿನ್ನುವವರಿಗೆ ನೂರು ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20. ಬಿಸ್ಕತ್ತಿನ ಬದಲು ಹುರಿಗಡಲೆ, ತೆಳು ಸಾರಿನ ಜೊತೆ ಒಂದು ವಾಟಿ ತೊವ್ವೆ ಅಥವಾ ಹುರುಳಿ ಉಸುಳಿ, ಇಷ್ಟಕ್ಕೇ ಸಾಮಾನ್ಯರ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತದೆ. ತಲಾವ್‌ಪಾಳಿಯಲ್ಲಿ ಅರ್ಧ ಗಂಟೆ ನಡೆದವರಿಗೆ ಡಬ್ಬಿ ಬೇಕಾಗಿಲ್ಲ.

ವಾರಕ್ಕೆ ನಾಲ್ಕೈದು ದಿನ ಗಟ್ಟಿ ವ್ಯಾಯಾಮ ಮಾಡುವವರ ಮಾತು ಬೇರೆ. ಅವರಿಗೆ ಹೆಚ್ಚು ಬೇಕು. ಆದರೆ ಅದಕ್ಕೂ ಮಿತಿಯಿದೆ. ಇದೇ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿಗಳನ್ನು ನಿತ್ಯ ಬಳಸುವುದು ಬೇಡ ಎಂದಿದೆ, ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಎಷ್ಟು ತಿಂದರೂ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲ ಎಂದೂ ಹೇಳಿದೆ. 65 ಕಿಲೋದವನಿಗೆ ಅದು 104 ಗ್ರಾಂ. ಊಟದಲ್ಲಿ ಅಷ್ಟು ಹೊಂದಿಸಲಾಗದೆ, ರಾತ್ರಿ ಒಂಬತ್ತಕ್ಕೆ ಕಲ್ಯಾಣ ತಲುಪಿ ಆಮೇಲೆ ಜಿಮ್‌ಗೆ ಹೋಗುವ ಹುಡುಗನಿಗೆ, 20 ಗ್ರಾಂ ಪ್ರೋಟೀನಿನ ಹಗುರ ಪಾನೀಯ ಅನುಕೂಲವೇ. ದಪ್ಪ ಶೇಕ್ ಕುಡಿದರೆ ಊಟ ಸೇರದು. ಇದು ಹಾಗೆ ಹೊಟ್ಟೆ ಭಾರ ಮಾಡುವುದಿಲ್ಲ. ಆದರೆ ಊಟ ಬಿಟ್ಟು ಇದನ್ನೇ ಕುಡಿದರೆ ನಾರು, ಕಬ್ಬಿಣ, ಜೀವಸತ್ವಗಳೆಲ್ಲ ಎಲ್ಲಿಂದ ಬರಬೇಕು?

ಕೊಳ್ಳುವವರಿಗೆ ನಾಲ್ಕು ಮಾತು. ಒಂದು, ಜಿಮ್‌ನ ತರಬೇತುದಾರ ಹೇಳಿದನೆಂದು ಬಿಡಿಯಾಗಿ, ಸೀಲ್ ಇಲ್ಲದ ಪುಡಿ ಕೊಳ್ಳಬೇಡಿ. ಕೇರಳದ ವೈದ್ಯರ ನೇತೃತ್ವದ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇಕಡಾ 70ರಲ್ಲಿ ಪ್ರೋಟೀನಿನ ಪ್ರಮಾಣ ಲೇಬಲ್ ಹೇಳಿದಂತಿರಲಿಲ್ಲ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಅವಧಿ ನೋಡಿ. ಎರಡು, ಘಟಕಗಳ ಪಟ್ಟಿ ಓದಿ. ಪ್ರೋಟೀನನ್ನು ಸಾಮಾನ್ಯವಾಗಿ ಅಳೆಯುವುದು ಸಾರಜನಕದ ಲೆಕ್ಕದಿಂದ. ಆದ್ದರಿಂದ ಅಗ್ಗದ ಗ್ಲೈಸೀನ್, ಟಾರೀನ್ ಬೆರೆಸಿ ಅಂಕಿ ಉಬ್ಬಿಸುವವರಿದ್ದಾರೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ್ದೂ ಇದೇ ಉಪಾಯದಿಂದ. ಮೂರು, ಡಬ್ಬಿಯ ಬೆಲೆಯನ್ನು ಅದರೊಳಗಿನ ಒಟ್ಟು ಪ್ರೋಟೀನಿನ ಗ್ರಾಂಗಳಿಂದ ಭಾಗಿಸಿ, ಮೊಟ್ಟೆ-ಕಡಲೆಯ ಬೆಲೆಯ ಜೊತೆ ಹೋಲಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ನಾಲ್ಕು, ಶುದ್ಧ ಸಸ್ಯಾಹಾರಿಗಳು ಹಸಿರು ಚುಕ್ಕಿ ಇದೆಯೇ ನೋಡಿ. ಹೊರದೇಶದ ಕೆಲವು ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಏಕಾದಶಿಗೆ ನಡೆಯುತ್ತದೆಯೇ ಎಂಬುದನ್ನು ಮಾತ್ರ ನಿಮ್ಮ ಪುರೋಹಿತರನ್ನೇ ಕೇಳಿ!

ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಮೂತ್ರಪಿಂಡದ ದೋಷ ಎಷ್ಟೋ ಸಲ ಸದ್ದಿಲ್ಲದೆ ಬೆಳೆಯುತ್ತದೆ. ಅಂಥವರು ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಲಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಮಗ ಡಬ್ಬಿ ತಂದರೆ ಬೈಯಬೇಡಿ. ಜೊತೆಗೆ ಕುಳಿತು ಲೇಬಲ್ ಓದಿ, ಅವನ ದಿನದ ಊಟದ ಲೆಕ್ಕ ಬರೆಯಿರಿ. ತಟ್ಟೆ ತುಂಬಿಸಿದ ಮೇಲೂ ಉಳಿಯುವ ಕೊರತೆಗಷ್ಟೇ ಆ ಡಬ್ಬಿ ಇರಲಿ.