ಹೊಂಡಕ್ಕೆ ಹೋಗುವ ಹಂದಿ



ಕಾಸರಗೋಡಿನ ಮೂಡು ಬದಿಯಲ್ಲಿ, ಮುಳ್ಳೇರಿಯ, ಆದೂರು, ದೇಲಂಪಾಡಿ ಕಡೆ ಮರಗೆಣಸು ನೆಟ್ಟವರಿಗೆ ರಾತ್ರಿ ನಿದ್ದೆ ಕಡಿಮೆ. ಹಂದಿಯ ಹಿಂಡು ಒಮ್ಮೆ ನುಗ್ಗಿದರೆ ಬೆಳಗಾಗುವಾಗ ಗದ್ದೆ ಉತ್ತ ಹಾಗೆ ಕಾಣುತ್ತದೆ. ನಿಮ್ಮಲ್ಲಿ ಅನೇಕರಿಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ನಾನು ಹೇಳಹೊರಟಿರುವುದು ಆ ಹಂದಿಗೆ ಗುಂಡು ಬಿದ್ದ ಮೇಲಿನ ಕಥೆ.

2022ರ ಮೇ ತಿಂಗಳಲ್ಲಿ ಕೇರಳ ಸರಕಾರ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ನೀಡಿತು. ಆಮೇಲೆ ಆ ಅವಧಿಯನ್ನು ಮುಂದುವರಿಸುತ್ತ ಬಂದರು. ಲೈಸೆನ್ಸಿನ ಕೋವಿ ಇದ್ದವರು ಬಂದು ಹೊಡೆಯಬಹುದು. ಸಿಡಿಮದ್ದು, ವಿಷ, ಕರೆಂಟು ಕೂಡದು. ಸತ್ತ ಹಂದಿಯನ್ನು ಮಾತ್ರ ಯಾರೂ ತಿನ್ನುವಂತಿಲ್ಲ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕೊಂದ ಕಾಡುಪ್ರಾಣಿ ಸರಕಾರದ ಸೊತ್ತು. ಆದ್ದರಿಂದ ಹೊಂಡ ತೋಡಿ, ಯಾರೂ ಮತ್ತೆ ಅಗೆದು ತೆಗೆಯದ ಹಾಗೆ ಸೀಮೆಎಣ್ಣೆ ಸುರಿದು ಹೂಳುವುದು ರೂಢಿ. ಗೆಣಸು ಕಳಕೊಂಡವನೇ ಹಲವು ಸಲ ಹೊಂಡ ತೋಡುವುದಕ್ಕೂ ನಿಲ್ಲಬೇಕು. ರೇಶನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಕಾದು ನಿಂತ ನೆನಪಿರುವ ಹೆಂಗಸರು ಇದನ್ನು ನೋಡಿ ಏನು ಹೇಳುತ್ತಾರೆಂದು ರೇಡಿಯೋದಲ್ಲಿ ಹೇಳುವ ಹಾಗಿಲ್ಲ!

ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ. 1960ರ ದಶಕದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಮಳೆಗಾಲ ದಾಟಿಸಿದ್ದು ಹಲಸಿನ ಬೀಜ, ಮರಗೆಣಸು, ಕೆಸು. ಜೊತೆಗೆ ಆಗೊಮ್ಮೆ ಈಗೊಮ್ಮೆ ಬೇಟೆಯ ಮಾಂಸ. ಊರವರು ಬೋಂಟೆಗೆ ಹೊರಟರೆ ಪಾಲಿನ ಲೆಕ್ಕ ಮೊದಲೇ ಗೊತ್ತಿರುತ್ತಿತ್ತು. ಹೊಡೆದವನಿಗೊಂದು ಹೆಚ್ಚಿನ ಪಾಲು, ಸೋವಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ಗಂಡಸು ದಿಕ್ಕಿಲ್ಲದ ಮನೆಗೂ ಒಂದು ಎಲೆಯ ಕಟ್ಟು ಹೋಗುತ್ತಿತ್ತು. ಉಳಿದದ್ದನ್ನು ಬಳ್ಳಿಗೆ ಪೋಣಿಸಿ ಒಲೆಯ ಮೇಲೆ ಹೊಗೆಗೆ ಕಟ್ಟಿದರೆ ಆಟಿ ತಿಂಗಳಿಗಾಯಿತು. ಆಗ ಕಡಲಿಗೆ ದೋಣಿ ಇಳಿಯುವುದಿಲ್ಲ, ಬೂತಾಯಿ ಬಂಗುಡೆ ಗುಡ್ಡೆ ಹತ್ತುವುದಿಲ್ಲ. ಈಗಲೂ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧವಿದ್ದಾಗ ಮೀನಿನ ಕ್ರಯ ಕೇಳಿಯೇ ಹಿಂದೆ ಬರುವವರಿದ್ದಾರೆ. ಆಫ್ರಿಕದ ಘಾನಾ ದೇಶದಲ್ಲಿ ಮೀನು ಕಡಿಮೆ ಸಿಕ್ಕಿದ ವರ್ಷಗಳಲ್ಲಿ ಕಾಡಿನ ಬೇಟೆ ಹೆಚ್ಚಿತೆಂದು ವಿಜ್ಞಾನಿಗಳು ಲೆಕ್ಕವಿಟ್ಟು 2004ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಹಾಗಾದರೆ ಮಾಂಸವನ್ನು ಬಿಟ್ಟುಬಿಡಬಾರದೇ ಎಂದು ನೀವು ಕೇಳಬಹುದು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು ನಾನು. ಯಾವ ವಸ್ತುವಿಗೂ ಪೇಟೆಯಲ್ಲಿ ಕ್ರಯ ಹುಟ್ಟಿದ ಮೇಲೆ ಅದು ಮೊದಲಿನಂತೆ ಉಳಿಯುವುದಿಲ್ಲ. ಮನೆಯ ಪಾತ್ರೆಗೆ ಬೇಟೆಯಾಡುವವನು ಒಂದು ಹಂದಿಗೆ ನಿಲ್ಲುತ್ತಾನೆ. ಮಾರುವವನಿಗೆ ನಿಲ್ಲಲು ಕಾರಣವೇ ಇಲ್ಲ. ಅವನು ಇಟ್ಟ ಉರುಳಿಗೆ ಹಂದಿಯೇ ಬೀಳಬೇಕೆಂದೂ ಇಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ಕಚ್ಚಿ, ಬಾಯಿ ಹರಿದು, ಹೊಳೆಯಲ್ಲಿ ನಿಂತೇ ಸತ್ತದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಬೇಲಿಗೆ ಕೊಟ್ಟ ಕರೆಂಟಿಗೆ ಮನುಷ್ಯರೂ ಬಲಿಯಾಗಿದ್ದಾರೆ. ಇನ್ನು ರೋಗದ ಮಾತು. ಹಂದಿಯ ಮಾಂಸವನ್ನು ಸರಿಯಾಗಿ ಬೇಯಿಸದಿದ್ದರೆ ಹುಳದ ಕಾಟ ತಪ್ಪದು. 2022ರಲ್ಲಿ ವಯನಾಡಿನಲ್ಲಿ ಕಾಣಿಸಿದ ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ಬಾರದಿದ್ದರೂ, ಅಂಥ ಮಾಂಸ ಊರೂರು ತಿರುಗಿದರೆ ಹಂದಿ ಸಾಕುವವನ ಗೂಡು ಖಾಲಿಯಾಗುತ್ತದೆ.

ಆದರೂ ಹೊಂಡದ ಹತ್ತಿರ ನಿಂತವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆಹಾರ ಭದ್ರತಾ ಕಾಯಿದೆ 2013ರಲ್ಲಿ ಬಂತು. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯವೆಂದು ಅದು ಗೊತ್ತುಮಾಡಿತು. ದೊಡ್ಡ ಉಪಕಾರ, ಅಲ್ಲವೆನ್ನಲಾರೆ. ಆದರೆ ಅನ್ನದ ಬದಿಗೆ ಏನು? ಕೊರಗರ ಕಾಲೊನಿಯ ಮಗುವಿಗೆ, ಹೆರಿಗೆಯಾದ ತಾಯಿಗೆ ಬೇಕಾದ ಕಬ್ಬಿಣದ ಅಂಶ, ಪ್ರೊಟೀನು ಬರೀ ಅಕ್ಕಿಯಲ್ಲಿ ಸಿಗುವುದಿಲ್ಲ. ಅಂಗನವಾಡಿಯಲ್ಲಿ ಹಾಲು, ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ಬಂದದ್ದು ಒಳ್ಳೆಯದಾಯಿತು. ಅದು ಸಣ್ಣ ಮಕ್ಕಳಿಗೆ. ಮನೆಯ ಉಳಿದವರು?

1980ರ ದಶಕದಲ್ಲಿ ಐ.ಆರ್.ಡಿ.ಪಿ. ಸಾಲದ ಅರ್ಜಿಗಳು ನನ್ನ ಮೇಜಿನ ಮೇಲೆಯೇ ದಾಟುತ್ತಿದ್ದವು. ಆಡಿಗೆ ಸಾಲ, ದನಕ್ಕೆ ಸಾಲ. ದನ ಕೊಟ್ಟರು, ಹುಲ್ಲು ಎಲ್ಲಿಂದ ಎಂದು ಕೇಳಿದವರಿಲ್ಲ. ಊರುಕೋಳಿ ಹತ್ತು ಸಾಕಿದ ಹೆಂಗಸು ಸಾಲವಿಲ್ಲದೆಯೇ ಮನೆಗೆ ಮೊಟ್ಟೆ ಒದಗಿಸಿದ್ದನ್ನು ನಾನು ಕಂಡಿದ್ದೇನೆ. ಸುರಂಗದ ನೀರು ತುಂಬುವ ಕೆರೆಯಲ್ಲಿ ಮೀನು ಬಿಟ್ಟವರೂ ಉಂಟು. ಹಂದಿ ಬಾರದ ಬೇಲಿಗೆ ಸಹಾಯಧನ, ಹಾಳಾದ ಬೆಳೆಗೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಉರುಳು ಇಡುವ ಕೈ ಅರ್ಧ ಹಿಂದೆ ಬರುತ್ತದೆಂದು ನನ್ನ ಅಂದಾಜು.

ಮತ್ತೊಂದು ಮಾತು ಹೇಳಿಯೇ ಬಿಡುತ್ತೇನೆ. ಪಂಚಾಯತು ಅಪ್ಪಣೆಯಿಂದ ಹೊಡೆದ ಹಂದಿಯನ್ನು ಪಶುವೈದ್ಯರು ನೋಡಿ ಸರಿ ಎಂದರೆ, ಮಾರಾಟಕ್ಕೆ ಬಿಡದೆ, ಬೆಳೆ ಹೋದ ಮನೆಗಳಿಗೆ ಪಾಲು ಹಾಕಲು ಕಾನೂನಿನಲ್ಲಿ ದಾರಿ ಮಾಡಬೇಕು. 2023ರ ಏಪ್ರಿಲಿನಿಂದ ಜಾರಿಯಾದ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೆಯ ಪಟ್ಟಿಗೆ ಸೇರಿದೆ. ಹಾಗಾಗಿ ಆ ದಾರಿ ಸುಲಭದ್ದಲ್ಲ. ಅಲ್ಲಿಯವರೆಗೆ ಉರುಳು ಬೇಡ, ಕದ್ದ ಮಾಂಸ ಬೇಡ. ಕೊಂದ ಹಂದಿಗಳ ಲೆಕ್ಕ ಪಂಚಾಯತಿನ ಪುಸ್ತಕದಲ್ಲಿ ಇರಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಅದನ್ನು ಕೇಳಿ ನೋಡಿ. ಪಕ್ಕದಲ್ಲಿಯೇ, ಬೆಳೆ ಪರಿಹಾರ ಎಷ್ಟು ಮಂದಿಗೆ ಸಿಕ್ಕಿತೆಂದೂ ಕೇಳಿ.