ಮಾಂಸದ ಕೋಳಿಯ ಮೊದಲ ಮೂರು ದಿನ

(ಕೋಳಿ ಸಾಕಣೆದಾರರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ನಾನು ಬೇಸಾಯಶಾಸ್ತ್ರ ಪಾಠ ಹೇಳುವವನು. ರಾಗಿ, ಮುಸುಕಿನ ಜೋಳ ಬಿಟ್ಟು ಈ ಮೇಷ್ಟ್ರು ಕೋಳಿಗೂಡಿಗೆ ಏಕೆ ಬಂದರು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನೀವು ಬೆಳೆದ ಮುಸುಕಿನ ಜೋಳದಲ್ಲಿ ಎಷ್ಟೋ ಪಾಲು ಸೇರುವುದು ಕೋಳಿಯ ಹೊಟ್ಟೆಯನ್ನೇ ಅಲ್ಲವೇ? ಹಾಗಾಗಿ ಈ ವಿಷಯ ನನಗೆ ತೀರ ಹೊರಗಿನದಲ್ಲ.

ಮೊದಲು ಒಂದು ಮಾತನ್ನು ಇತ್ಯರ್ಥ ಮಾಡಿಬಿಡೋಣ. "ಆರು ವಾರಕ್ಕೆ ಎರಡು ಕಿಲೊ ಬರಬೇಕಾದರೆ ಹಾರ್ಮೋನು ಚುಚ್ಚುತ್ತಾರಂತೆ, ನಿಜವೇ ಸ್ವಾಮಿ?" ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಐದು ಸಾವಿರ ಕೋಳಿ ಸಾಕಿದವರು ನೀವೇ ಹೇಳಿ, ದಿನಾ ಒಂದೊಂದನ್ನೂ ಹಿಡಿದು ಚುಚ್ಚಲು ಎಷ್ಟು ಆಳು ಬೇಕು! ಆಹಾರದಲ್ಲಿ ಬೆರೆಸೋಣವೆಂದರೆ, ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಬೇಳೆಯಂತೆ ಅದೂ ಜೀರ್ಣವಾಗಿ ಹೋಗುತ್ತದೆ. ಕಾರಣ ಇರುವುದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 1957 ಮತ್ತು 1978ರ ಮಾಂಸದ ಕೋಳಿಗಳನ್ನು ಮುಂದಿನ ಆಯ್ಕೆಗೆ ಒಳಪಡಿಸದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅವುಗಳ ಜೊತೆ 2005ರ ರಾಸ್ 308 ತಳಿಯನ್ನಿಟ್ಟು, ಮೂರಕ್ಕೂ ಒಂದೇ ಆಹಾರ ಕೊಟ್ಟು ಬೆಳೆಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ 56ನೆಯ ದಿನ ಅವು ತೂಗಿದ್ದು ಕ್ರಮವಾಗಿ 905, 1808 ಮತ್ತು 4202 ಗ್ರಾಂ.

ತಳಿಯ ಗುಣ ಇರುವುದು ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ. ಆದರೆ ಇದ್ದರೆ ಸಾಲದು. ಕೋಳಿಯ ಕಣ್ಣಿನ ಜೀವಕೋಶದಲ್ಲೂ ಎದೆಯ ಜೀವಕೋಶದಲ್ಲೂ ಇರುವ ವಂಶವಾಹಿಗಳು ಒಂದೇ. ಹಿಂದೆ ಗ್ರಾಮ ಲೆಕ್ಕಿಗರ ದಫ್ತರದಲ್ಲಿ ಊರಿನ ಜಮೀನೆಲ್ಲ ಇರುತ್ತಿತ್ತು. ಆ ದಿನ ಯಾವ ಪುಟ ತೆಗೆದು ನಕಲು ಮಾಡಿದರೋ ಆ ಕೆಲಸ ಮಾತ್ರ ನಡೆಯುತ್ತಿತ್ತು. ಹಾಗೆಯೇ ಜೀವಕೋಶವು ತನಗೆ ಬೇಕಾದ ವಂಶವಾಹಿಯನ್ನು ತೆರೆದು, ನಕಲು ತೆಗೆದು, ಅದರಂತೆ ಪ್ರೋಟೀನು ತಯಾರಿಸುತ್ತದೆ. ಇದಕ್ಕೆ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಸ್ನಾಯುವಿನ ಪುಟ ತೆರೆಯುವ ಕೆಲಸ ಮಯೋಡಿ, ಮಯೋಜೆನಿನ್ ಮುಂತಾದ ವಂಶವಾಹಿಗಳದು. ಮಯೋಡಿ ಗೊತ್ತಾದದ್ದು 1987ರಲ್ಲಿ. ಪುಟ ಯಾವಾಗ, ಎಷ್ಟು ತೆರೆಯಬೇಕೆಂಬುದರ ಮೇಲೆ ಹೊಟ್ಟೆಗೆ ಬಿದ್ದ ಆಹಾರದ ಪ್ರಭಾವವೂ ಇದೆ. ನಿಮ್ಮ ಪಾತ್ರ ಬರುವುದು ಇಲ್ಲಿ.

ರಾಗಿಯ ತೆಂಡೆಯನ್ನು ನೆನಪಿಸಿಕೊಳ್ಳಿ. ತೆಂಡೆಯೊಡೆಯುವ ಕಾಲ ದಾಟಿದ ಮೇಲೆ ಎಷ್ಟು ಯೂರಿಯಾ ಸುರಿದರೂ ತೆನೆಯ ಸಂಖ್ಯೆ ಹೆಚ್ಚದು. ಇದ್ದ ತೆನೆಯಲ್ಲಿ ಕಾಳು ತುಂಬಬಹುದು ಅಷ್ಟೆ. ಕೋಳಿಯ ಎದೆಮಾಂಸದಲ್ಲೂ ಎಳೆಗಳ ಸಂಖ್ಯೆ 21 ದಿನದ ಕಾವು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಆಮೇಲೆ ಆಗುವುದು ಆ ಎಳೆಗಳು ದಪ್ಪವಾಗುವುದು, ಉದ್ದವಾಗುವುದು. ಇದಕ್ಕೆ ನೆರವಾಗುವುದು ಎಳೆಗೆ ಅಂಟಿಕೊಂಡಿರುವ ಸಣ್ಣ ಜೀವಕೋಶಗಳು. 1961ರಲ್ಲಿ ಇವನ್ನು ಮೊದಲು ಗುರುತಿಸಿದ್ದು ಕಪ್ಪೆಯ ಸ್ನಾಯುವಿನಲ್ಲಿ. ಉಪಗ್ರಹ ಕೋಶಗಳೆಂದು ಹೆಸರು. ಇವು ಹೆಚ್ಚಿಕೊಂಡು, ಎಳೆಯೊಳಗೆ ಬೆರೆತು, ತಮ್ಮ ಕೋಶಕೇಂದ್ರಗಳನ್ನು ಅದಕ್ಕೆ ಕೊಡುತ್ತವೆ. ನಕಲು ತೆಗೆಯುವ ಲೆಕ್ಕಿಗರು ಹೆಚ್ಚಿದಷ್ಟೂ ಪ್ರೋಟೀನು ಹೆಚ್ಚು.

ಈ ಕೋಶಗಳು ಅತಿ ಚುರುಕಾಗಿ ಹೆಚ್ಚುವುದು ಮರಿ ಹೊರಬಂದ ಮೊದಲ ಕೆಲವೇ ದಿನಗಳಲ್ಲಿ. ಇಸ್ರೇಲಿನ ವಿಜ್ಞಾನಿಗಳು ಆ ದಿನಗಳಲ್ಲಿ ಮರಿಗಳನ್ನು ಉಪವಾಸವಿಟ್ಟು ನೋಡಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಉಪಗ್ರಹ ಕೋಶಗಳು ಕಡಿಮೆಯಾದದ್ದಲ್ಲದೆ ಮುಂದೆ ಹೊಟ್ಟೆತುಂಬ ತಿಂದರೂ ಎದೆಮಾಂಸದ ಕೊರತೆ ತುಂಬಿಬರಲಿಲ್ಲ ಎಂದು ತಿಳಿಸಿದ್ದಾರೆ.

ನನಗೆ ಪರಿಚಿತರಾದ ರೈತರೊಬ್ಬರಿಗೆ ಕಂಪನಿಯ ಮರಿಗಳು ಬಂದದ್ದು ನಡುರಾತ್ರಿ. ಬ್ರೂಡರ್ ಹೊತ್ತಿಸಿರಲಿಲ್ಲ, ಬೆಳಗ್ಗೆ ನೋಡೋಣವೆಂದು ಪೆಟ್ಟಿಗೆಗಳನ್ನು ಹಾಗೆಯೇ ಇಟ್ಟು ಮಲಗಿದರು. ಆರು ವಾರದ ಮೇಲೆ ತೂಕ ಕಡಿಮೆ, ತಿಂದ ಆಹಾರ ಹೆಚ್ಚು. ಸಾಕಣೆ ಕೂಲಿಗೆ ಕತ್ತರಿ ಬಿತ್ತು. ಆಹಾರವೇ ಸರಿಯಿಲ್ಲವೆಂದು ಅವರು ಇಂದಿಗೂ ಜಗಳವಾಡುತ್ತಾರೆ. ಆ ಒಂದು ರಾತ್ರಿಯೇ ಪೂರ್ತಿ ಕಾರಣವೆಂದು ನಾನು ಹೇಳಲಾರೆ. ಆದರೆ ಮೊಟ್ಟೆಯೊಡೆದು ಎಲ್ಲ ಮರಿಗಳೂ ಒಂದೇ ಗಳಿಗೆಗೆ ಬರುವುದಿಲ್ಲ. ಮೊದಲು ಬಂದವು ಕಾವುಯಂತ್ರದಲ್ಲೇ ಕಾಯುತ್ತವೆ, ಆಮೇಲೆ ಲಸಿಕೆ, ಆಮೇಲೆ ಪ್ರಯಾಣ. ಹೊಟ್ಟೆಯಲ್ಲಿ ಉಳಿದ ಹಳದಿ ಭಂಡಾರ ಜೀವ ಹಿಡಿಯಲು ಸಾಕು, ಮಾಂಸ ಕಟ್ಟಲು ಸಾಲದು. ಅದರ ಮೇಲೆ ನಿಮ್ಮ ಒಂದು ರಾತ್ರಿಯೂ ಸೇರಿದರೆ?

ಆದಕಾರಣ ಮರಿ ಬರುವ ಮೊದಲೇ ಶೆಡ್ಡು ಬೆಚ್ಚಗಿರಲಿ. ಭತ್ತದ ಹೊಟ್ಟಿನ ಹಾಸೂ ಬೆಚ್ಚಗಾಗಿರಬೇಕು. ಗಾಳಿ ಮಾತ್ರ ಬಿಸಿಯಾದರೆ ಮರಿಯ ಕಾಲು ತಣ್ಣಗಾಗಿ ಅದು ತಿನ್ನಲು ಹೋಗುವುದಿಲ್ಲ. ಮೊದಲ ದಿನಗಳಲ್ಲಿ ಮರಿಯ ಎತ್ತರದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಾಗದ ಹಾಸಿ ಅದರ ಮೇಲೂ ಆಹಾರ ಚೆಲ್ಲಿ. ನೀರು ಪಕ್ಕದಲ್ಲೇ ಇರಲಿ. ಮರುದಿನ ಅದೇ ಹೊತ್ತಿಗೆ ಬೇರೆಬೇರೆ ಮೂಲೆಗಳಿಂದ ನೂರು ಮರಿ ಹಿಡಿದು, ಕತ್ತಿನ ಬುಡದ ಆಹಾರದ ಚೀಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ತೊಂಬತ್ತೈದಕ್ಕಾದರೂ ತುಂಬಿ ಮೆತ್ತಗಿರಬೇಕು. ಗಟ್ಟಿಯಿದ್ದರೆ ನೀರು ಸಿಕ್ಕಿಲ್ಲ.

ಮೊದಲ ಆಹಾರದಲ್ಲಿ ಉಳಿತಾಯ ಮಾಡಬೇಡಿ. ಮುಸುಕಿನ ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಎದೆಮಾಂಸಕ್ಕೆ ಬೇಕಾದದ್ದು ಅದೇ. ಸೋಯಾ ಹಿಂಡಿ ಕಡಿಮೆ ಮಾಡಿ ಜೋಳ ಹೆಚ್ಚಿಸಿದರೆ ತೆರೆದ ಪುಟಕ್ಕೆ ಬರೆಯಲು ಮಸಿಯಿಲ್ಲದಂತಾಗುತ್ತದೆ.

ವೇಗದ ತಳಿಗಳಲ್ಲಿ ತೊಡಕೂ ಇದೆ. ಎಳೆ ದಪ್ಪವಾಗುವಷ್ಟು ಬೇಗ ರಕ್ತನಾಳಗಳು ಹಬ್ಬದೆ, ಆಮ್ಲಜನಕ ಸಾಲದೆ, ಎಳೆ ಕೆಟ್ಟು ನಾರು ತುಂಬಿ ಎದೆಮಾಂಸ ಮರದಂತೆ ಬಿರುಸಾಗುತ್ತದೆ. ಬಹಳ ಭಾರಕ್ಕೆ ಬೆಳೆಸುವ ದೇಶಗಳಲ್ಲಿ ಇದು ಹೆಚ್ಚು. ನಮ್ಮಲ್ಲಿ ಬೇಗ ಮಾರುವುದರಿಂದ ಸದ್ಯ ನಿಮ್ಮ ಚಿಂತೆ ಇದಲ್ಲ.

ಏಳನೆಯ ದಿನ ತಪ್ಪದೆ ತೂಗಿ ಬರೆದಿಡಿ. 40 ಗ್ರಾಮಿನ ಮರಿ ಕಡಿಮೆಯೆಂದರೂ 160 ಗ್ರಾಂ ಆಗಿರಬೇಕು. ಮುಂದಿನ ಸಲ ಮರಿ ಇಳಿಸಿಕೊಳ್ಳುವಾಗ ವಾಹನದವರನ್ನು ಎಣಿಕೆಯ ಜೊತೆಗೆ, ಅವು ಮೊಟ್ಟೆಯಿಂದ ಹೊರಬಂದು ಎಷ್ಟು ಗಂಟೆಯಾಯಿತೆಂದೂ ಕೇಳಿ.